ವಂಶದ ಖಾತೆ

ನಮ್ಮ ಮನೆಯಲ್ಲಿ ಯಾವುದಕ್ಕೆ ಕಾರಣ ಗೊತ್ತಾಗದಿದ್ದರೂ ಅದು ವಂಶದ ಖಾತೆಗೆ ಹೋಗುತ್ತೆ. ಮಂಚೇನಹಳ್ಳಿಯಲ್ಲಿರೋ ನಮ್ಮ ಅಜ್ಜಿ ಎಂಟು ಜನಕ್ಕಾಗುವಷ್ಟು ಮುದ್ದೆ ಇವತ್ತಿಗೂ ಒಬ್ಬರೇ ತೊಳಸ್ತಾರೆ. ಅವರಿಗಿಂತ ಮೂರು ವರ್ಷ ಚಿಕ್ಕವರಾದ ಚಿಕ್ಕಜ್ಜಿಗೆ ಬಾಟಲಿ ಮುಚ್ಚಳ ತಿರುಗಿಸೋಕೂ ಯಾರಾದ್ರೂ ಬೇಕು. "ಅವಳು ಅಪ್ಪನ ಕಡೆ, ಇವಳು ಅಮ್ಮನ ಕಡೆ. ರಕ್ತದಲ್ಲಿ ಬಂದಿದ್ದು, ಬಿಡ್ರಪ್ಪ" ಅಂತಾರೆ ದೊಡ್ಡವರು. ಮೊಮ್ಮಕ್ಕಳಾದ ನಮಗೆ ಆ 'ಬಿಡ್ರಪ್ಪ' ಅನ್ನೋದೇ ಒಪ್ಪಿಗೆಯಾಗಲ್ಲ.

ರಕ್ತದ ಮಾತು ಪೂರ್ತಿ ಸುಳ್ಳಲ್ಲ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ಕೈಹಿಡಿತದ ಬಲ ಒಬ್ಬರಿಂದೊಬ್ಬರಿಗೆ ಬೇರೆಯಾಗೋದರಲ್ಲಿ ಸುಮಾರು ಅರ್ಧ ಪಾಲು ಜೀನ್‌ಗಳದ್ದು. ಆದರೆ 'ಶಕ್ತಿಯ ಜೀನ್' ಅಂತ ಒಂದಿಲ್ಲ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 60 ದಾಟಿದ 2,56,523 ಜನರ ಮಾಹಿತಿ ಇತ್ತು. ಹಿಡಿತ ಗಂಡಸರಲ್ಲಿ 30 ಕೆ.ಜಿ.ಗಿಂತ, ಹೆಂಗಸರಲ್ಲಿ 20 ಕೆ.ಜಿ.ಗಿಂತ ಕಡಿಮೆ ಇದ್ದರೆ ದುರ್ಬಲ ಅಂತ ಲೆಕ್ಕ. ದೌರ್ಬಲ್ಯಕ್ಕೆ ಸಂಬಂಧಪಟ್ಟ 15 ಜಾಗಗಳು ಜೀನೋಮ್‌ನಲ್ಲಿ ಸಿಕ್ಕವು, ಒಂದೊಂದರ ಪ್ರಭಾವವೂ ಚಿಕ್ಕದೇ. ನಮಗೆ ಆಶ್ಚರ್ಯ ಆಗಿದ್ದು ಇನ್ನೊಂದು ವಿಷಯ. ಅವುಗಳಲ್ಲಿ ಕೆಲವಕ್ಕೆ ಸ್ನಾಯುವಿಗಿಂತ ಕೀಲುಗಳ ಸವೆತ, ಸಂಧಿವಾತದ ಜೊತೆ ನಂಟು. ಚಿಕ್ಕಜ್ಜಿಯ ಬೆರಳಿನ ಗಂಟುಗಳು ಊದಿಕೊಂಡಿವೆ. ಅವರ ಕೈಗೆ ಬಲ ಇಲ್ಲವೋ, ನೋವಿಗೆ ಹಿಡಿಯೋಕಾಗ್ತಿಲ್ಲವೋ, ಯಾರೂ ಕೇಳಿರಲಿಲ್ಲ.

ಅದರಲ್ಲಿ ಇದ್ದವರೆಲ್ಲ ಯುರೋಪಿಯನ್ ಮೂಲದವರು ಅನ್ನೋದನ್ನೂ ಹೇಳಬೇಕು. ನಮ್ಮ ಕಡೆಯ ವಯಸ್ಸಾದವರ ಲೆಕ್ಕ ಈಗೀಗ ಶುರುವಾಗಿದೆ. ಚಿಂತಾಮಣಿಯ ಆಚೆ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಐಐಎಸ್ಸಿಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡ್ತಿದ್ದಾರೆ, ಜೀನ್‌ಗಳನ್ನೂ ಸೇರಿಸಿ. ಅದರ ಮುಖ್ಯ ಗುರಿ ಮೆದುಳು, ಕೈಕಾಲಲ್ಲ. ಆದ್ರೂ ರಾಗಿ ತಿಂದು ಬೆಳೆದವರ ಲೆಕ್ಕ ಅಂತ ಒಂದು ಇರುತ್ತಲ್ಲ!

ಇನ್ನು ಉಳಿದ ಅರ್ಧ. 1990ರಲ್ಲಿ ಬಾಸ್ಟನ್ನಿನಲ್ಲಿ 86ರಿಂದ 96 ವಯಸ್ಸಿನ ಹತ್ತು ಜನರಿಗೆ ಎಂಟು ವಾರ ಕಾಲಿಗೆ ತೂಕದ ವ್ಯಾಯಾಮ ಮಾಡಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿ 174% ಹೆಚ್ಚಿತು. ತೊಂಬತ್ತರಲ್ಲಿ! ಅವರ ಜೀನ್‌ಗಳೇನೂ ಬದಲಾಗಿರಲಿಲ್ಲ.

ಡಾಕ್ಟರನ್ನು ಕೇಳಿ, ಚಿಕ್ಕಜ್ಜಿಗೆ ದಿನಾ ಕುರ್ಚಿಯಿಂದ ಹತ್ತು ಸಲ ಎದ್ದು ಕೂರೋದು ಶುರು ಮಾಡಿಸಿದ್ದೀವಿ, ಬೆರಳಿಗೆ ಬೇರೆ ಔಷಧಿ ನಡೀತಿದೆ. ಏಳಕ್ಕೇ ನಿಲ್ಲಿಸಿ, "ಮಿಕ್ಕ ಮೂರು ನಿಮ್ಮಜ್ಜಿ ಲೆಕ್ಕಕ್ಕೆ ಹಾಕ್ಕೊಳ್ಳಿ" ಅಂತಾರೆ.