ಮತಪತ್ರದಲ್ಲಿ ವಿದ್ಯಾದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೆಂದೊಡನೆ ಕನ್ನಡ ನಾಡಿನ ಜೈನರಿಗೆ ನೆನಪಾಗುವವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಆ ಸಾಧ್ವಿ ವ್ಯಯಿಸಿದ್ದು ತನ್ನ ಸ್ವಂತ ಧನವನ್ನು. ಈ ನಾಡಿನಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಅಲ್ಲಿನ ಪೌರತ್ವ ಪಡೆದ ಶ್ರಾವಕನಿಗೆ ವಿದ್ಯಾದಾನದ ಪ್ರಶ್ನೆ ಎದುರಾಗುವ ಬಗೆಯೇ ಬೇರೆ. ಅಭ್ಯರ್ಥಿಗಳ ಹೆಸರಿರುವ ಮತಪತ್ರದಲ್ಲಿಯೇ, ಊರಿನ ಶಾಲೆಗಳಿಗಾಗಿ ಆಸ್ತಿಯ ಮೇಲೆ ಹೊಸ ತೆರಿಗೆ ವಿಧಿಸಬಹುದೇ ಎಂದೂ ಕೇಳಿರುತ್ತದೆ. ಹೌದೆಂದರೆ ತನ್ನ ಹಣದೊಡನೆ ನೆರೆಯವನ ಹಣವನ್ನೂ ಕೊಟ್ಟಂತೆ. ಅಲ್ಲವೆಂದರೆ ಪರರ ಮಕ್ಕಳ ವಿದ್ಯೆಯ ಮುಂದೆ ಮುಷ್ಟಿ ಬಿಗಿದಂತೆ.

ಈ ಇಕ್ಕಟ್ಟಿಗೆ ಒಂದು ಇತಿಹಾಸವಿದೆ. 1978ರ ಜೂನ್ ತಿಂಗಳಲ್ಲಿ ಅಲ್ಲಿನ ಮತದಾರರು 'ಪ್ರೊಪೊಸಿಷನ್ 13' ಎಂಬ ತಿದ್ದುಪಡಿಯನ್ನು ಅಂಗೀಕರಿಸಿದರು. ಆಸ್ತಿಯ ಮೂಲ ತೆರಿಗೆ ನಿಗದಿತ ಮೌಲ್ಯದ ಶೇಕಡ 1ನ್ನು ಮೀರಕೂಡದು. ಆ ಮೌಲ್ಯವೂ ಮನೆ ಕೈಬದಲಾಗುವವರೆಗೆ ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚು ಏರಕೂಡದು. ಏರುವ ತೆರಿಗೆಯಿಂದ ಮನೆಯನ್ನೇ ಕಳೆದುಕೊಳ್ಳುವ ಭಯದಲ್ಲಿದ್ದ ವೃದ್ಧರಿಗೆ ಅದು ಅಭಯವಾಯಿತೆಂಬುದು ನಿಜ. ಆದರೆ 1980ರಲ್ಲಿ ಒಂದು ಲಕ್ಷ ಡಾಲರಿಗೆ ಕೊಂಡ ಮನೆಯ ಮೂಲ ತೆರಿಗೆ ನಲವತ್ತು ವರ್ಷಗಳ ತರುವಾಯವೂ ಎರಡು ಸಾವಿರದ ಇನ್ನೂರು ಡಾಲರುಗಳ ಆಸುಪಾಸಿನಲ್ಲಿದ್ದರೆ, ಪಕ್ಕದ ಅಂಥದೇ ಮನೆಯನ್ನು ಹದಿನೈದು ಲಕ್ಷಕ್ಕೆ ಕೊಂಡ ಹೊಸಬನು ಹದಿನೈದು ಸಾವಿರ ತೆರಬೇಕು. ಆ ಹೊಸಬನು ಇನ್ನೂ ಪೌರನಾಗಿರದಿದ್ದರೆ ಅವನಿಗೆ ಮತವೂ ಇಲ್ಲ.

ಶಾಲೆಯ ಕಟ್ಟಡಗಳಿಗೆ ಸಾಲಪತ್ರ ಹೊರಡಿಸಲು 2000ದ ನವೆಂಬರಿನಿಂದ ಶೇಕಡ 55 ಮತಗಳು ಸಾಕಾಗಿವೆ. ಉಪಾಧ್ಯಾಯರ ಸಂಬಳಕ್ಕೆ ಆ ಹಣವನ್ನು ಬಳಸುವಂತಿಲ್ಲ. ಅದಕ್ಕೆಂದು ಶಾಲಾ ಮಂಡಳಿಯು ಮತದಾರರ ಮುಂದಿಡುವ 'ಪಾರ್ಸೆಲ್ ತೆರಿಗೆ'ಗೆ, ಎಂದರೆ ಸಾಮಾನ್ಯವಾಗಿ ಆಸ್ತಿಯೊಂದಕ್ಕೆ ಇಷ್ಟೆಂದು ಗೊತ್ತುಮಾಡುವ ತೆರಿಗೆಗೆ, ಮೂರರಲ್ಲಿ ಎರಡು ಪಾಲು ಮತ ಬೇಕು. ನೂರರಲ್ಲಿ ಅರುವತ್ತೈದು ಮಂದಿ ಒಪ್ಪಿದರೂ ಅದು ಬಿದ್ದುಹೋಗುತ್ತದೆ.

ಇಂಥ ಪ್ರಸ್ತಾಪಗಳಲ್ಲಿ ಅನೇಕವು 65 ವರ್ಷ ದಾಟಿದ ಮನೆಯೊಡೆಯರಿಗೆ ಅರ್ಜಿಯ ಮೇಲೆ ವಿನಾಯಿತಿ ನೀಡುತ್ತವೆ. ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ಮಕ್ಕಳೆಲ್ಲ ಓದಿ ದೂರ ಹೋಗಿರುವ, ಹಳೆಯ ದರದಲ್ಲಿ ತೆರಿಗೆ ತೆರುತ್ತಿರುವ ಅನುಕೂಲಸ್ಥ ಶ್ರಾವಕನು ಉದಾರನಾಗಿ 'ಹೌದು' ಎಂದು ಗುರುತು ಮಾಡುತ್ತಾನೆ. ಅನಂತರ ವಿನಾಯಿತಿಗೆ ಅರ್ಜಿಯನ್ನೂ ಹಾಕುತ್ತಾನೆ. ಇದು ಕಾನೂನಿಗೆ ವಿರುದ್ಧವಲ್ಲ. ಅಚೌರ್ಯವ್ರತದ ಅತಿಚಾರಗಳಲ್ಲಿ ಹೇಳಿರುವ ವಿರುದ್ಧರಾಜ್ಯಾತಿಕ್ರಮವೂ ಇದಲ್ಲ. ಆದರೆ ತತ್ತ್ವಾರ್ಥಸೂತ್ರವು ದಾನದ ಲಕ್ಷಣವನ್ನು ಹೇಳುವಾಗ ಬಿಟ್ಟುಕೊಡುವ ವಸ್ತು ತನ್ನದೇ ಆಗಿರಬೇಕೆಂಬುದನ್ನು ಮರೆತಿಲ್ಲ. ಇಲ್ಲಿ ಔದಾರ್ಯ ಇವನದು, ಹಣ ಪಕ್ಕದ ಮನೆಯವನದು. ಇದಕ್ಕಿಂತ, ತಾನು ತೆರಲಾರೆನೆಂದು ನೇರವಾಗಿ 'ಅಲ್ಲ' ಎನ್ನುವವನೇ ಹೆಚ್ಚು ಪ್ರಾಮಾಣಿಕನೆನ್ನಬೇಕು.

ತೆರಿಗೆಯು ಬಲಾತ್ಕಾರದ ವಸೂಲಿ, ಅದಕ್ಕೂ ದಾನಕ್ಕೂ ಏನು ಸಂಬಂಧವೆಂದು ಕೆಲವರು ಆಕ್ಷೇಪಿಸಬಹುದು. ವಸೂಲಿಯ ಮಟ್ಟಿಗೆ ಈ ಮಾತು ಸರಿಯೇ. ಅರ್ಜಿಯ ವಿಷಯದಲ್ಲಿ ಮಾತ್ರ ಯಾರ ಬಲಾತ್ಕಾರವೂ ಇಲ್ಲ. ಪಿಂಚಣಿಯೊಂದನ್ನೇ ನಂಬಿ ಬದುಕುವ ವಿಧವೆಯು ಅದನ್ನು ಸಲ್ಲಿಸಲಿ. ವಿನಾಯಿತಿ ಹುಟ್ಟಿದ್ದೇ ಅಂಥವರಿಗಾಗಿ. ಪರಿಗ್ರಹಪರಿಮಾಣ ವ್ರತವನ್ನು ಕೈಕೊಂಡು, ಮಿತಿಗೆ ಮೀರಿದ್ದನ್ನು ಎಲ್ಲಿ ವಿನಿಯೋಗಿಸುವುದೆಂದು ಯೋಚಿಸುವವನಾದರೋ ಆ ಕಾಗದವನ್ನು ತುಂಬದೆ ಇಟ್ಟರೆ ಸಾಕು. ಬಸದಿಯ ಕಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಮತವೋ ಗುಪ್ತವಾದುದು, ಸಲ್ಲಿಸದ ಅರ್ಜಿಗೆ ರಸೀದಿಯೂ ಇಲ್ಲ. ವರ್ಷಕ್ಕೊಮ್ಮೆ ಬರುವ ತೆರಿಗೆಯ ಚೀಟಿಯಲ್ಲಿ, ಇತರ ಬಾಬುಗಳ ನಡುವೆ, ಶಾಲೆಯ ಮೊತ್ತವು ಒಂದು ಸಾಲಾಗಿ ಅಚ್ಚಾಗಿರುತ್ತದೆ, ಅಷ್ಟೇ.