ಕಡಲು ಗುರುತು ಬಿಟ್ಟ ಕಂಬಗಳು

ದಕ್ಷಿಣ ಇಟಲಿಯ ನೇಪಲ್ಸ್ ನೋಡಲು ಹೋದವರು ಅರ್ಧ ದಿನವನ್ನು ಪಕ್ಕದ ಪುರಾತನ ಪಟ್ಟಣ ಪೊಜ್ಜುವೋಲಿಗೆ ಮೀಸಲಿಡಬೇಕು. ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ಹಾದಿ. ಬಂದರಿನ ಹತ್ತಿರ, ರಸ್ತೆಗಿಂತ ತಗ್ಗಿನಲ್ಲಿ, ರೋಮನ್ನರ ಕಾಲದ ಮಾರುಕಟ್ಟೆಯ ಅವಶೇಷಗಳಿವೆ. 1750ರಲ್ಲಿ ಅಗೆದಾಗ ಸೆರಾಪಿಸ್ ದೇವರ ವಿಗ್ರಹ ಸಿಕ್ಕಿದ್ದರಿಂದ ಅದಕ್ಕೆ ದೇವಾಲಯವೆಂಬ ಹೆಸರು ಅಂಟಿಕೊಂಡಿತು.

ಅಲ್ಲಿ 12 ಮೀಟರಿಗೂ ಎತ್ತರದ ಮೂರು ಅಮೃತಶಿಲೆಯ ಕಂಬಗಳು ನಿಂತಿವೆ. ನಡುಭಾಗದಲ್ಲಿ ಪಟ್ಟಿ ಕಟ್ಟಿದಂತೆ ತೂತುಗಳು. ಕಲ್ಲು ಕೊರೆದು ಮನೆ ಮಾಡಿಕೊಳ್ಳುವ ಕಡಲ ಮೃದ್ವಂಗಿಗಳ ಕೆಲಸವಿದು. ಅಂದರೆ ಕಂಬಗಳ ಸಮೇತ ನೆಲ ಕುಸಿದು ಸಮುದ್ರದಲ್ಲಿ ಮುಳುಗಿತ್ತು. ಕಂಬಗಳು ಉರುಳದಷ್ಟು ನಿಧಾನವಾಗಿ ಮತ್ತೆ ಮೇಲೆದ್ದಿತು! ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1830ರ ತಮ್ಮ ಪ್ರಸಿದ್ಧ ಗ್ರಂಥದ ಮುಖಚಿತ್ರಕ್ಕೆ ಈ ಕಂಬಗಳನ್ನೇ ಆರಿಸಿಕೊಂಡರು.

ಊರಿರುವುದು ಕ್ಯಾಂಪಿ ಫ್ಲೆಗ್ರೇ ಎಂಬ ವಿಶಾಲ ಜ್ವಾಲಾಮುಖಿಯ ಒಡಲಲ್ಲಿ. ಆಳದ ಶಿಲಾಪಾಕ, ಬಿಸಿ ಅನಿಲಗಳ ಒತ್ತಡ ಹೆಚ್ಚಿದರೆ ನೆಲ ಉಬ್ಬುತ್ತದೆ. 1982-84ರಲ್ಲಿ ಸುಮಾರು 1.8 ಮೀಟರ್ ಏರಿದಾಗ ಬಂದರಿನಲ್ಲಿ ದೋಣಿಗಳಿಗೆ ನೀರು ಸಾಲದಾಯಿತು. ಸಾವಿರಾರು ಕುಟುಂಬಗಳು ಮನೆ ಬಿಟ್ಟವು. 2005ರಿಂದ ನೆಲ ಮತ್ತೆ ಏರುತ್ತಿದೆ.

ಆ ಏರಿಕೆಯನ್ನು ಈಗ ಉಪಕರಣಗಳು ಮಿಲಿಮೀಟರುಗಳಲ್ಲಿ ಅಳೆಯುತ್ತವೆ. ಕಂಬಗಳ ಸುತ್ತಲಿನ ಮನೆಗಳಲ್ಲಿ ಮಾತ್ರ ಸಂಸಾರಗಳು ಎಂದಿನಂತೆ ಸಾಗಿವೆ.