ಕ್ಯಾಮೆರಾ ನಿಲ್ಲಲಿಲ್ಲ

1958ರ ನವೆಂಬರ್ 30, ಭಾನುವಾರ ರಾತ್ರಿ. ಮ್ಯಾಂಚೆಸ್ಟರಿನ ಡಿಡ್ಸ್‌ಬರಿ ಸ್ಟುಡಿಯೋದಲ್ಲಿ ಲಂಡನ್ನಿನ ಸುರಂಗ ರೈಲಿನ ಸೆಟ್. ನಾಟಕದ ಹೆಸರು ‘ಅಂಡರ್‌ಗ್ರೌಂಡ್’. ಮೇಲೆ ಅಣುಬಾಂಬು ಬಿದ್ದು ಊರು ನಾಶವಾಗಿದೆ, ಕೆಳಗೆ ಉಳಿದ ಬೆರಳೆಣಿಕೆಯ ಜನ ಕತ್ತಲಲ್ಲಿ ದಾರಿ ಹುಡುಕುತ್ತಿದ್ದಾರೆ. ಥಾಣೆ ಬಳಿಯ ಪಾರ್ಸಿಕ್ ಸುರಂಗದಲ್ಲಿ ಮೊದಲೆಲ್ಲ ಮುಂಬಯಿ ಲೋಕಲ್ ನಿಂತು ದೀಪವೂ ಹೋದರೆ ಎದೆ ಹೇಗೆ ಬಡಿದುಕೊಳ್ಳುತ್ತಿತ್ತೆಂದು ಕಾಮೋಠೆಯಿಂದ ಡೊಂಬಿವಲಿಯವರೆಗಿನ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಎಲ್ಲವೂ ಟಿವಿಯಲ್ಲಿ ನೇರಪ್ರಸಾರ. ತಪ್ಪಿದರೆ ಮತ್ತೊಂದು ಟೇಕ್ ಇಲ್ಲ.

ಕ್ಯಾಮೆರಾದೆದುರು ಪೀಟರ್ ಬೋಲ್ಸ್ ಮತ್ತು ಇತರ ನಟರು ಮಾತಾಡುತ್ತ ಸಹನಟ ಗ್ಯಾರೆತ್ ಜೋನ್ಸ್‌ಗಾಗಿ ಕಾಯುತ್ತಿದ್ದಾರೆ. ಆತ ಬಂದು ಸುದ್ದಿ ಹೇಳಬೇಕು. ಬರುತ್ತಿರುವುದೂ ಕಾಣಿಸಿತು. ಬಿದ್ದದ್ದೂ ಕಾಣಿಸಿತು. ಯಾಕೆ ಬಿದ್ದ? ಗೊತ್ತಿಲ್ಲ. ಪ್ರಸಾರ ಓಡುತ್ತಲೇ ಇದೆ! ಅವನು ಇಲ್ಲಿದ್ದಿದ್ದರೆ ಹೀಗೆ ಹೇಳುತ್ತಿದ್ದ ಎನ್ನುವ ಧಾಟಿಯಲ್ಲಿ ಅವನ ಮಾತನ್ನು ಇವರೇ ಹಂಚಿಕೊಂಡು ಆಡಿದರು. ಜೋನ್ಸ್ ಹೃದಯಾಘಾತದಿಂದ ತೀರಿಕೊಂಡಿದ್ದ, ವಯಸ್ಸು 33. ಅವನ ಪಾತ್ರಕ್ಕೂ ನಾಟಕದಲ್ಲಿ ಹೃದಯಾಘಾತವೇ ಬರಬೇಕಿತ್ತಂತೆ. ಇಂಥದ್ದನ್ನು ಕಥೆಗಾರ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

ನಿರ್ದೇಶಕ ಟೆಡ್ ಕಾಚೆಫ್ ಕಂಟ್ರೋಲ್ ರೂಮ್ ಬಿಟ್ಟು ಕೆಳಗೆ ಓಡಿದ. ಜಾಹೀರಾತು ಮುಗಿಯುವುದರೊಳಗೆ ಒಂದು ಪಾತ್ರವಿಲ್ಲದ ಕಥೆ ಹೊಲಿಯಬೇಕು! ಫುಟ್‌ಬಾಲ್ ಪಂದ್ಯದ ಹಾಗೆ, ಆಟ ಹೋದ ಕಡೆ ಕ್ಯಾಮೆರಾ ಓಡಿಸು ಎಂದರಂತೆ ನಿರ್ಮಾಪಕ ಸಿಡ್ನಿ ನ್ಯೂಮನ್. ಮೇಲೆ ಕ್ಯಾಮೆರಾಗಳ ಹೊಣೆ ಹೊತ್ತವಳು ಸಹಾಯಕಿ ವೆರಿಟಿ ಲ್ಯಾಂಬರ್ಟ್. ಸಾವಿನ ಸುದ್ದಿ ಸುರಂಗದೊಳಗಿನ ನಟರಿಗೆ ತಲುಪುವ ಮುನ್ನವೇ ಅವರು ಕೊನೆಯವರೆಗೆ ಆಡಿ ಮುಗಿಸಬೇಕಿತ್ತು, ಮುಗಿಸಿದರು. ಅದನ್ನು ಧೈರ್ಯ ಎನ್ನಲೋ ನಿರ್ದಯ ಎನ್ನಲೋ, ನನಗೆ ಎರಡೂ ಅನ್ನಿಸುತ್ತದೆ.

ಲ್ಯಾಂಬರ್ಟ್ 1963ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಮೊದಲ ನಿರ್ಮಾಪಕಿಯಾದಳು. ಕಾಚೆಫ್ 1982ರಲ್ಲಿ ಮೊದಲ ರ‍್ಯಾಂಬೊ ಸಿನಿಮಾ ಮಾಡಿದ. ಆ ರಾತ್ರಿಯ ನಾಟಕದ ರೆಕಾರ್ಡಿಂಗ್ ಮಾತ್ರ ಉಳಿದಿಲ್ಲ.

ಹಾಗೆ ಉಳಿಯದ ನಾಟಕಗಳು ನಮ್ಮಲ್ಲೂ ಇವೆ. ವರ್ಲಿಯಲ್ಲಿ ಮುಂಬಯಿ ದೂರದರ್ಶನ ಶುರುವಾದದ್ದೇ 1972ರ ಅಕ್ಟೋಬರ್ 2ರಂದು. ಅದಕ್ಕೂ ಮೊದಲು ನಮ್ಮವರು ಇಲ್ಲಿ ಆಡಿದ ಕನ್ನಡ ನಾಟಕಗಳು ನೋಡಿದವರ ನೆನಪಿನಲ್ಲಷ್ಟೇ ಇವೆ. ಆಮೇಲಿನವು ಕ್ಯಾಸೆಟ್ಟಿನಲ್ಲಿರಬಹುದು. ಕಾಮೋಠೆ, ಕಲ್ಯಾಣ, ಥಾಣೆಯ ಯಾವುದಾದರೂ ಕಪಾಟಿನಲ್ಲಿ ಕನ್ನಡ ಸಂಘದ ನಾಟಕದ ವಿಎಚ್‌ಎಸ್ ಇದ್ದರೆ, ಈ ಮಳೆಗಾಲದ ಬೂಷ್ಟು ಹಿಡಿಯುವ ಮುನ್ನ ಡಿಜಿಟಲ್ ಮಾಡಿಸಿಬಿಡಿ.